ಗೋಬಿ ಮಂಚೂರಿ ಎಲ್ಲಿಂದ ಬಂತು?

ಮಂಚೂರಿಯಾ ಅನ್ನೋ ಸೀಮಿ ಚೀನಾದ ಈಶಾನ್ಯ ಮೂಲ್ಯಾಗ ಖರೇನ ಅದ. ಭಾಳ ಥಂಡಿ ಇರೋ ಸೀಮಿ. ಅಲ್ಲೆ ಹೋಗಿ 'ಒಂದ್ ಪ್ಲೇಟ್ ಮಂಚೂರಿ ಕೊಡ್ರಿ' ಅಂತ ಕೇಳಿದ್ರ ಅವರಿಗೆ ತಿಳಿಯೂದಿಲ್ಲ. ಆ ತಿಂಡಿ ಹುಟ್ಟಿದ್ದು ನಮ್ಮ ಮುಂಬೈದಾಗ, ಅದನ್ನ ಹುಟ್ಟಿಸಿದವರು ಕಲ್ಕತ್ತಾದಾಗ ಹುಟ್ಟಿದ ಒಬ್ಬ ಚೀನಿ ಮನುಷ್ಯ. ಹುಬ್ಬಳ್ಳಿಯೊಳಗ ಸಂಜಿ ಮುಂದ ಗಾಡಿ ಸುತ್ತ ನಿಂತು ಗೋಬಿ ತಿನ್ನೋ ಹುಡುಗ್ರಿಗೆ ಹೇಳಿದ್ರ ನಗ್ತಾರ. ನಗವಲ್ರ್ಯಾಕ, ಕಥಿ ಅಂತೂ ದೊಡ್ಡದದ.

ಮೊದಲ ಕಲ್ಕತ್ತಾಕ್ಕ ಹೋಗೂಣು. 1780ರ ಸುಮಾರಿಗೆ ತಾಂಗ್ ಅಚ್ಯೂ ಅನ್ನೋ ಚೀನಿ ವ್ಯಾಪಾರಿ ಬಂಗಾಲಕ್ಕ ಬಂದ. ಆಗ ಅಲ್ಲೆ ಗವರ್ನರ್ ಜನರಲ್ ಆಗಿದ್ದಾಂವ ವಾರನ್ ಹೇಸ್ಟಿಂಗ್ಸ್. ಹೂಗ್ಲಿ ನದಿ ದಂಡಿಗೆ, ಬಜ್‌ಬಜ್ ಹತ್ತಿರ, ಅಚ್ಯೂಗ ಭೂಮಿ ಸಿಕ್ತು. ಅಂವ ಕಬ್ಬು ಹಚ್ಚಿ, ಸಕ್ಕರಿ ಕಾರಖಾನಿ ತಗದು, ತನ್ನ ದೇಶದಿಂದ ಆಳುಗಳನ್ನ ಕರಿಸಿಕೊಂಡ. ಕೆಲವು ವರ್ಷದಾಗ ಅಂವ ತೀರಿಕೊಂಡ, ಕಾರಖಾನಿ ಉಳೀಲಿಲ್ಲ. ಆಳುಗಳು ಒಬ್ಬೊಬ್ಬರಾಗಿ ಕಲ್ಕತ್ತಾ ಸೇರಿದ್ರು. ಆ ಊರಿಗೆ ಇವತ್ತಿಗೂ ಅವನ ಹೆಸರಿನ ಮ್ಯಾಲ ಅಚಿಪುರ ಅಂತಾರ. ಕುದುರಿ ಲಾಳದ ಆಕಾರದ್ದು ಒಂದು ಕೆಂಪು ಗೋರಿ ಅದ, ಚೀನಿ ಹೊಸ ವರ್ಷಕ್ಕ ಕಲ್ಕತ್ತಾದ ಚೀನಿ ಮಂದಿ ಅಲ್ಲಿಗೆ ಹೋಗಿ ಊದಿನಕಡ್ಡಿ ಹಚ್ಚಿ ಬರ್ತಾರ. ನಾವು ಮೂಲ ಊರಿನ ಮನಿದೇವ್ರಿಗೆ ವರ್ಷಕ್ಕೊಮ್ಮೆ ಹೋಗಿ ಬರೂದಿಲ್ಲೇನು, ಹಂಗ.

ಆಮ್ಯಾಲ ಬಂದವರು ಒಂದೊಂದು ಕಸಬು ಹಿಡಕೊಂಡ್ರು. ಕ್ಯಾಂಟನ್ ಕಡೆಯವರು ಬಡಿಗತನ, ಹುಬೈ ಕಡೆಯವರು ಹಲ್ಲಿನ ಡಾಕ್ಟರಕಿ, ಹಕ್ಕಾ ಅನ್ನೋ ಮಂದಿ ತೊಗಲು ಹದಾ ಮಾಡೋದು ಮತ್ತ ಬೂಟು ಹೊಲಿಯೋದು. ನಾವು 'ಹಕ್ಕಾ ನೂಡಲ್ಸ್' ಅಂತೀವಲ್ಲ, ಆ ಹೆಸರು ಈ ಮಂದೀದು. ಟಿರೆಟ್ಟಾ ಬಜಾರ್ ಅವರ ಹಳೇ ಓಣಿ. ತೊಗಲಿನ ಕೆಲಸದವರು ಊರ ಹೊರಗ ಟಾಂಗ್ರಾ ಅನ್ನೋ ಕಡೆ ಇದ್ರು. ಬ್ಯಾರೆಯವರು ಹೇಸಿಕೊಳ್ಳೋ ಕೆಲಸ, ಇವರು ಮಾಡಿ ಹೊಟ್ಟಿ ಹೊರಕೊಂಡ್ರು. ಅಲ್ಲೆ ಇಲ್ಲೆ ಸಣ್ಣ ಸಣ್ಣ ಊಟದ ಅಂಗಡಿ ತಗದ್ರು, 1920ರ ದಶಕದಾಗ ಕಲ್ಕತ್ತಾದೊಳಗ ದೊಡ್ಡ ಚೀನಿ ಹೋಟೆಲ್‌ಗಳೂ ಬಂದ್ವು.

ಮುಂದ 1962. ಅಕ್ಟೋಬರ್ 20ಕ್ಕ ಯುದ್ಧ ಶುರು ಆತು, ನವೆಂಬರ್ 21ಕ್ಕ ಮುಗೀತು. ಒಂದು ತಿಂಗಳು. ಆದ್ರ ಅಸ್ಸಾಮ್, ಮೇಘಾಲಯ, ಡಾರ್ಜಿಲಿಂಗ್ ಕಡೆ ಇದ್ದ ಚೀನಿ ಮುಖದ ಮಂದೀನ್ನ ಮನಿಮನಿಯಿಂದ ಎಬ್ಬಿಸಿ ರೈಲಿನಾಗ ಹಾಕಿ ರಾಜಸ್ಥಾನದ ದೇವಳಿ ಕ್ಯಾಂಪಿಗೆ ಸಾಗಿಸಿದ್ರು. ಸುಮಾರು 3000 ಮಂದಿ. ಮುದುಕರು, ಬಾಣಂತ್ಯಾರು, ಸಾಲಿಗೆ ಹೋಗೋ ಹುಡುಗ್ರು, ಎಲ್ಲಾರೂ. ಭಾರತದಾಗ ಹುಟ್ಟಿ, ಚೀನಾ ಕಣ್ಣಿಲೆ ನೋಡದವರೂ ಅದರಾಗ ಇದ್ರು. ಕೆಲವರನ್ನ ಬಿಡೋ ಹೊತ್ತಿಗೆ 1967 ಆಗಿತ್ತು. ವಾಪಸ್ ಬಂದು ನೋಡಿದ್ರ ಮನಿ ಇಲ್ಲ, ಅಂಗಡಿ ಇಲ್ಲ, ಹರಾಜಾಗಿ ಹೋಗಿದ್ವು. ಕಲ್ಕತ್ತಾದಾಗ ಉಳಿದವರೂ ಊರು ಬಿಟ್ಟು ಹೋಗಬೇಕಂದ್ರ ಪೊಲೀಸರ ಪರವಾನಗಿ ತಗೋಬೇಕಾಗಿತ್ತು. ಸಾಲಿ ಪುಸ್ತಕದಾಗ ನಾವು 1962ರ ಯುದ್ಧ ಓದೀವಿ, ಮ್ಯಾಕ್‌ಮಹನ್ ರೇಖಾ ಬಾಯಿಪಾಠ ಮಾಡೀವಿ. ದೇವಳಿ ಹೆಸರು ಒಂದು ಸಾಲಿನಾಗೂ ಇರ್ಲಿಲ್ಲ. ಒಂದು ದೇಶದ ಸರಕಾರದ ಮ್ಯಾಲಿನ ಸಿಟ್ಟು ಬೂಟು ಹೊಲಿಯೋನ ಮ್ಯಾಲ ಯಾಕ ತೀರಿಸಿಕೋಬೇಕಿತ್ತು? ನನಗಂತೂ ಇವತ್ತಿಗೂ ತಿಳಿವಲ್ತು.

ಕಲ್ಕತ್ತಾದಾಗ ಹುಟ್ಟಿದ ನೆಲ್ಸನ್ ವಾಂಗ್ ಮುಂಬೈಗೆ ಬಂದದ್ದು 1970ರ ದಶಕದಾಗ. 1975ರಾಗ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಅಡಗಿಮನ್ಯಾಗ ಇದ್ದಾಗ ಗಿರಾಕಿ ಒಬ್ರು 'ಏನರೆ ಹೊಸಾದು ಮಾಡ್ರಿ' ಅಂದ್ರಂತ. ಇವರು ಹಸಿಶುಂಠಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಎಣ್ಣ್ಯಾಗ ಹಾಕಿದ್ರು. ಇದು ನಮ್ಮ ಒಗ್ಗರಣಿನ. ಅದಕ್ಕ ಮಸಾಲಿಪುಡಿ ಹಾಕೋ ಬದಲಿ ಸೋಯಾ ಸಾಸ್ ಸುರುವಿ, ಕಾರ್ನ್‌ಫ್ಲೋರ್ ಕದಡಿ ಗಟ್ಟಿ ಮಾಡಿ, ಕರದ ಕೋಳಿ ಹಾಕಿದ್ರು. ಅದಕ್ಕ ಮಂಚೂರಿಯನ್ ಅಂತ ಹೆಸರಿಟ್ರು. ಇದು ಅವರ ಬಾಯಲೇ ಬಂದ ಕಥಿ. ಕೋಳಿ ಜಾಗಾಕ್ಕ ಹೂಕೋಸು ಯಾರು ಮೊದಲ ಹಾಕಿದ್ರೋ, ಆ ಪುಣ್ಯಾತ್ಮ ನಮ್ಮಂಥಾ ಶಾಕಾಹಾರದವರಿಗೆ ಉಪಕಾರ ಮಾಡ್ಯಾನ. ಹೂಕೋಸರ ಇಲ್ಲೀದೇನು? ಅದೂ ಇಂಗ್ರೇಜರ ಜೋಡಿ ಬಂದದ್ದು.

ನಾ ಮುಂಬೈ ಕಡೆ ಹೋಗಿದ್ದು 1993ರಾಗ, ನಮ್ಮ ಮನಿಯವರ ಬದಲಿ ಆದಾಗ. ಡೊಂಬಿವಿಲಿಯೊಳಗ ಒಂದೂವರಿ ಖೋಲಿ. ಇವರು ಮುಂಜಾನೆ ಏಳರ ಲೋಕಲ್ ಹಿಡದ್ರ ರಾತ್ರಿ ಒಂಬತ್ತಕ್ಕ ಬರ್ತಿದ್ರು. ಧಾರವಾಡದಾಗ ಹದಿನಾಲ್ಕು ಮಂದಿ ಇದ್ದ ಮನ್ಯಾಗ ಬೆಳದಾಕಿ ನಾ, ದಿನಾ ಒಬ್ಬಾಕಿನ ಕೂತು ಮಳಿ ನೋಡಬೇಕು. ಛೊಲೋ ಜ್ವಾಳದ ಹಿಟ್ಟು ಸಿಗೂದಿಲ್ಲ, ಸಿಕ್ಕ ಹಿಟ್ಟಿನ ರೊಟ್ಟಿ ತಟ್ಟಿದ್ರ ಹರೀತಿತ್ತು. ಎರಡು ತಿಂಗಳು ಸರಿಯಾಗಿ ಊಟಾನ ಸೇರಲಿಲ್ಲ. ಒಂದಿನ ರಾತ್ರಿ ಇವರು ಟೇಶನ್ ಹೊರಗಿನ ಗಾಡಿಯಿಂದ ಪ್ಲಾಸ್ಟಿಕ್ ಚೀಲದಾಗ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ವೆಜ್ ಮಂಚೂರಿ ತಂದ್ರು. ಅರ್ಧಾ ಪ್ಲೇಟ್, ಹನ್ನೆರಡು ರೂಪಾಯಿ. "ಏನಿದು, ಕೆಂಪಗ ಕುಂಕುಮದ ನೀರು ಇದ್ಧಂಗ ಅದ?" ಅಂದೆ. "ತಿಂದರ ನೋಡ, ಆಮ್ಯಾಲ ಹೆಸರಿಡಂತಿ" ಅಂದ್ರು.

ತಿಂದೆ. ಬಳ್ಳೊಳ್ಳಿ, ಶುಂಠಿ, ಕೆಂಪು ಖಾರ. ಬಾಜೂಕ ಪುಡಿಕ್ಯಾಗ ಶೇಜ್ವಾನ್ ಚಟ್ನಿ ಬ್ಯಾರೆ ಇತ್ತು, ಅದನ್ನ ನಾಲಿಗಿಗೆ ಹಚ್ಚಿದ ಕೂಡಲೇ ನಮ್ಮವ್ವ ಒಳ್ಳಾಗ ಕುಟ್ಟಿದ ರಂಜಕ ನೆನಪಾತು. ಕಣ್ಣಾಗ ನೀರು ಬಂತು. ಖಾರ ಹತ್ತೇದ ಅಂತ ಇವರು ನೀರು ತಂದುಕೊಟ್ರು, ನಾನೂ ಏನೂ ಹೇಳಲಿಲ್ಲ.

ಆ ಚಟ್ನಿ ರುಚಿ ಗುರ್ತು ಹತ್ತಿದ್ದಕ್ಕ ಕಾರಣಾನೂ ಅದ. ಶೇಜ್ವಾನ್ ಅಂದ್ರ ಚೀನಾದ ಸಿಚುವಾನ್ ಪ್ರಾಂತ. ಅಲ್ಲಿಯವರ ಅಡಗಿಯೊಳಗ ನಾಲಿಗಿ ಜುಮ್ಮ್ ಅನ್ನಿಸೋ ಒಂದು ಥರಾ ಕಾಳು ಇರ್ತದ. ನಮ್ಮ ಗಾಡಿಯವರು ಅದನ್ನ ಎಲ್ಲಿಂದ ತರಬೇಕು? ಮುಂಬೈದಾಗ ಭಾಳ ಕಡೆ ಆ ಚಟ್ನಿಗೆ ಹಾಕೋದು ಬೇಡಗಿ ಮಿರ್ಚಿ, ಅಂದ್ರ ನಮ್ಮ ಹಾವೇರಿ ಜಿಲ್ಲಾದ ಬ್ಯಾಡಗಿ ಮೆಣಸಿನಕಾಯಿ. ಖಾರ ಕಡಿಮಿ, ಬಣ್ಣ ಭಾಳ. ಅಂದ್ರ ನನಗಿಂತ ಮೊದಲ ನಮ್ಮೂರ ಕಡೆಯ ಮೆಣಸಿನಕಾಯಿ ಡೊಂಬಿವಿಲಿ ಸೇರಿತ್ತು. ಗಾಡಿಯಾಂವ ನೇಪಾಳದ ಹುಡುಗ. ಅಂವನೂ ಮನಿ ಬಿಟ್ಟು ಬಂದಾಂವನ.

ಅಜಿನೊಮೊಟೊ ಬಗ್ಗೆ ಕೇಳೇ ಕೇಳ್ತೀರಿ. ಅದು ಚೀನಾದ್ದಲ್ಲ, 1908ರಾಗ ಜಪಾನಿನ ಇಕೆದಾ ಅನ್ನೋ ಪ್ರೊಫೆಸರು ಸಮುದ್ರದ ಪಾಚಿ ಸಾರಿನಾಗ ಕಂಡುಹಿಡಿದದ್ದು. ನಾ ಮನ್ಯಾಗ ಹಾಕೂದಿಲ್ಲ, ಹಾಕಿದವರ ಮನ್ಯಾಗ ತಿಂದೂ ಬಂದೀನಿ, ಏನೂ ಆಗಿಲ್ಲ. ನನಗ ಅಂಜಿಕಿ ಬಣ್ಣದ್ದು. 2024ರ ಮಾರ್ಚ್‌ನ್ಯಾಗ ನಮ್ಮ ಕರ್ನಾಟಕ ಸರಕಾರ ಗೋಬಿಯ 171 ಮಾದರಿ ತಪಾಸಣಿ ಮಾಡಿಸಿದ್ರ 107ರಾಗ ಕೆಟ್ಟ ಬಣ್ಣ ಸಿಕ್ತು. ಕೃತಕ ಬಣ್ಣ ಹಾಕಬಾರದು ಅಂತ ಕಾಯಿದೆ ಬಿಗಿ ಮಾಡಿದ್ರು. ಛೊಲೋ ಮಾಡಿದ್ರು. ಬ್ಯಾಡಗಿ ಬೆಳೆಯೋ ನಾಡಿನಾಗ ಬಣ್ಣಕ್ಕ ಪುಡಿ ಯಾಕ ಬೇಕ್ರಿ? ನಾಕು ಮೆಣಸಿನಕಾಯಿ ಬಿಸಿನೀರಾಗ ನೆನಸಿ ರುಬ್ಬಿದ್ರ ಮುಗೀತು.

ಟಾಂಗ್ರಾದ ಕಥಿ ಒಂದೀಟು ಉಳೀತು. ಹೊಲಸು ನೀರಿನ ಸಲುವಾಗಿ 1996ರಾಗ ಸುಪ್ರೀಂ ಕೋರ್ಟು ಅಲ್ಲಿಯ ತೊಗಲಿನ ಕಾರಖಾನಿಗಳನ್ನ ಊರ ಹೊರಗ ಸ್ಥಳಾಂತರ ಮಾಡ್ರಿ ಅಂತು. ಕೆಲವರು ಅದೇ ಜಾಗಾದಾಗ ಹೋಟೆಲ್ ತಗದ್ರು. 1962ರ ನಂತರ ಎಷ್ಟೋ ಮಂದಿ ಕೆನಡಾಕ್ಕ ಹೋದ್ರು. ಟೊರಾಂಟೊ ಸುತ್ತಮುತ್ತ ಅವರು 'ಹಕ್ಕಾ' ಅಂತ ಬೋರ್ಡು ಹಾಕಿ ಹೋಟೆಲ್ ನಡಸ್ತಾರ, ಮಂಚೂರಿ, ಚಿಲ್ಲಿ ಪನೀರ್, ಎಲ್ಲಾ ಕಲ್ಕತ್ತಾ ಥರಾನ. ನನ್ನ ತಂಗಿ ಮಗಳು ಬ್ರಾಂಪ್ಟನ್‌ದಾಗ ಇರ್ತಾಳ. ಹೋದ ಚಳಿಗಾಲದಾಗ ಫೋನ್ ಮಾಡಿ, "ದೊಡ್ಡವ್ವಾ, ಊರ ನೆನಪಾಗಿ ತಡೀಲಾರದಕ್ಕ ಗೋಬಿ ಪಾರ್ಸಲ್ ತಂದೆ, ಅಂಗಡಿ ಅಜ್ಜಿ ನನ್ನ ಜೋಡಿ ಹಿಂದಿಯೊಳಗ ಮಾತಾಡಿದ್ಳು" ಅಂದ್ಳು. ಖಾರ ಹೆಂಗಿತ್ತವಾ ಅಂದೆ. ಒಂದೀಟು ಕಡಿಮಿ ಇತ್ತಂತ.