ಪ್ರಾಚೀನ ನಾಣ್ಯಗಳ ಛಾಯಾಗ್ರಹಣದಲ್ಲಿ ಬೆಳಕಿನ ವ್ಯವಸ್ಥೆ

ಪ್ರಾಚೀನ ನಾಣ್ಯಗಳ ಛಾಯಾಗ್ರಹಣವು ನಾಣ್ಯಶಾಸ್ತ್ರದ ದಾಖಲೀಕರಣದ ಒಂದು ಅಂಗವಾಗಿದೆ. ಇದರಲ್ಲಿ ಕ್ಯಾಮೆರಾಕ್ಕಿಂತಲೂ ಬೆಳಕಿನ ವ್ಯವಸ್ಥೆಗೆ ಹೆಚ್ಚಿನ ಮಹತ್ವವಿದೆ. ನಾಣ್ಯದ ಮೇಲಿನ ಚಿತ್ರ, ಚಿಹ್ನೆ ಹಾಗೂ ಬರಹಗಳು ಬಣ್ಣದಿಂದ ಬರೆದವುಗಳಲ್ಲ; ಒಂದೇ ಬಣ್ಣದ ಲೋಹದ ಮೇಲೆ ಎದ್ದ ಉಬ್ಬುಗಳು. ಕಣ್ಣಿಗಾಗಲಿ ಕ್ಯಾಮೆರಾಕ್ಕಾಗಲಿ ಅವು ಗೋಚರಿಸುವುದು ಮುಖ್ಯವಾಗಿ ಬೆಳಕು-ನೆರಳುಗಳ ವ್ಯತ್ಯಾಸದಿಂದ. ಬೆಳಕು ಬೀಳುವ ದಿಕ್ಕು ತಪ್ಪಿದರೆ ಅಕ್ಷರದ ಒಂದು ಗೆರೆ ಮರೆಯಾಗಿ, ನಾಣ್ಯದ ಓದುವಿಕೆಯೇ ಬದಲಾಗಬಹುದು.

== ಹಿನ್ನೆಲೆ ==

ಪ್ರಾಚೀನ ನಾಣ್ಯಗಳು ದೇಶವಿದೇಶಗಳ ವಸ್ತುಸಂಗ್ರಹಾಲಯಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಹಂಚಿಹೋಗಿವೆ. ಹೀಗಾಗಿ ಅನೇಕ ಅಧ್ಯಯನಗಳು ಮೂಲ ನಾಣ್ಯಕ್ಕಿಂತ ಅದರ ಚಿತ್ರವನ್ನೇ ಆಧರಿಸಿರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಮ್ಯೂಸಿಯಂ ಪ್ರಕಟಿಸಿದ ನಾಣ್ಯಸೂಚಿಗಳ ಚಿತ್ರಫಲಕಗಳಿಗೆ ನಾಣ್ಯಗಳ ಬದಲು ಅವುಗಳಿಂದ ತೆಗೆದ ಬಿಳಿಯ ಪ್ಲಾಸ್ಟರ್ ಪಡಿಯಚ್ಚುಗಳನ್ನು ಬಳಸಲಾಗುತ್ತಿತ್ತು. ಪ್ಲಾಸ್ಟರ್ ಲೋಹದಂತೆ ಹೊಳೆಯದ ಕಾರಣ ಉಬ್ಬುಗಳು ಅದರಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಆದರೆ ಲೋಹದ ಬಣ್ಣ, ಕಿಲುಬು, ಸವೆತದ ಹೊಳಪು ಮೊದಲಾದ ವಿವರಗಳು ಪಡಿಯಚ್ಚಿನಲ್ಲಿ ಉಳಿಯುವುದಿಲ್ಲ. ಈಗ ನಾಣ್ಯವನ್ನೇ ನೇರವಾಗಿ ಚಿತ್ರೀಕರಿಸುವ ಪದ್ಧತಿ ರೂಢಿಯಲ್ಲಿದ್ದು, ಹೊಳಪನ್ನು ಹತೋಟಿಯಲ್ಲಿಡುವ ಹೊಣೆಯು ಬೆಳಕಿನ ವ್ಯವಸ್ಥೆಯ ಮೇಲೆ ಬಿದ್ದಿದೆ.

== ಬೆಳಕಿನ ದಿಕ್ಕು ==

ಬೆಳಕು ಮೇಲಿನಿಂದ ಬರುತ್ತದೆಂದು ಮಾನವನ ಕಣ್ಣು ಸಹಜವಾಗಿ ಭಾವಿಸುತ್ತದೆ. ಚಿತ್ರದ ಕೆಳಭಾಗದಿಂದ ಬೆಳಕು ಬಿದ್ದಿದ್ದರೆ ಉಬ್ಬಾದ ಮುಖವು ತಗ್ಗಿನಂತೆಯೂ ತಗ್ಗಾದ ಭಾಗವು ಉಬ್ಬಿನಂತೆಯೂ ತೋರುವ ಭ್ರಮೆ ಉಂಟಾಗುತ್ತದೆ. ಇದನ್ನು ತಪ್ಪಿಸಲು ಮುಖ್ಯ ಬೆಳಕನ್ನು ಚಿತ್ರದ ಮೇಲ್ಭಾಗದ ಎಡಮೂಲೆಯಿಂದ, ಅಂದರೆ ಗಡಿಯಾರದ ಮುಖದಲ್ಲಿ ಹತ್ತು ಅಥವಾ ಹನ್ನೊಂದು ಗಂಟೆಯ ಸ್ಥಾನದಿಂದ, ಬೀಳಿಸುವುದು ವಾಡಿಕೆ. ನಾಣ್ಯದ ಎರಡೂ ಬದಿಗಳಿಗೆ ಒಂದೇ ದಿಕ್ಕಿನ ಬೆಳಕನ್ನು ಬಳಸಬೇಕು.

ಬೆಳಕಿನ ದಿಕ್ಕಿಗೆ ಸಮಾನಾಂತರವಾಗಿರುವ ಗೆರೆಗೆ ನೆರಳು ಬೀಳುವುದಿಲ್ಲ. ಅಡ್ಡಲಾಗಿರುವ ಗೆರೆಗೆ ಮಾತ್ರ ಬೀಳುತ್ತದೆ. ಬ್ರಾಹ್ಮೀ ಲಿಪಿಯ ನಾಣ್ಯಗಳಲ್ಲಿ ಇದರ ಪರಿಣಾಮ ಗಂಭೀರವಾದುದು. ಬ್ರಾಹ್ಮಿಯಲ್ಲಿ ‘ಕ’ ಅಕ್ಷರವು ಕೂಡುವ ಚಿಹ್ನೆಯಂತೆ ಒಂದು ಲಂಬ ಗೆರೆ ಹಾಗೂ ಒಂದು ಅಡ್ಡಗೆರೆಯಿಂದ ಕೂಡಿದೆ. ‘ರ’ ಅಕ್ಷರವು ಲಂಬ ಗೆರೆ ಮಾತ್ರ. ಬೆಳಕು ಅಡ್ಡಗೆರೆಯ ನೇರದಲ್ಲಿಯೇ ಪಕ್ಕದಿಂದ ಬಂದರೆ ಆ ಗೆರೆ ಅಡಗಿ, ಸವೆದ ನಾಣ್ಯದಲ್ಲಿ ‘ಕ’ವು ‘ರ’ದಂತೆ ಕಾಣಬಹುದು. ಸ್ವರಚಿಹ್ನೆಗಳಾದ ಚಿಕ್ಕ ಗೆರೆಗಳೂ ಹೀಗೆಯೇ ಮರೆಯಾಗುತ್ತವೆ. ಶಾತವಾಹನರ ನಾಣ್ಯಗಳಲ್ಲಿ ಬರಹವು ಅಂಚಿನ ಸುತ್ತಲೂ ಹರಿದಿರುವುದರಿಂದ ಪ್ರತಿ ಅಕ್ಷರವೂ ಬೇರೆ ಬೇರೆ ದಿಕ್ಕಿಗೆ ತಿರುಗಿರುತ್ತದೆ. ಆದ್ದರಿಂದ ಯಾವುದೇ ಒಂದು ದಿಕ್ಕಿನ ಬೆಳಕು ಎಲ್ಲ ಅಕ್ಷರಗಳಿಗೂ ಸರಿಹೊಂದದು. ಕ್ಯಾಮೆರಾ ಮತ್ತು ನಾಣ್ಯವನ್ನು ಕದಲಿಸದೆ, ದೀಪವನ್ನು ಮಾತ್ರ ಕಾಲುವೃತ್ತದಷ್ಟು ಸರಿಸಿ ಕನಿಷ್ಠ ಎರಡು ಚಿತ್ರಗಳನ್ನು ತೆಗೆದು ಹೋಲಿಸುವುದು ಇದಕ್ಕೆ ಪರಿಹಾರ. ಓದುವಿಕೆಗೆ ಆಧಾರವಾದ ಎಲ್ಲ ಚಿತ್ರಗಳನ್ನೂ ಉಳಿಸಿಕೊಳ್ಳುವುದು ಅಪೇಕ್ಷಣೀಯ.

== ಬೆಳಕಿನ ಕೋನ ಮತ್ತು ಮೃದುತ್ವ ==

ನಾಣ್ಯದ ಸಮತಲದಿಂದ ಬೆಳಕು ಎಷ್ಟು ಎತ್ತರದಲ್ಲಿದೆ ಎಂಬುದು ನೆರಳಿನ ಉದ್ದವನ್ನು ನಿರ್ಧರಿಸುತ್ತದೆ. ಸವೆದು ಹೋದ ನಾಣ್ಯಕ್ಕೆ 15ರಿಂದ 25 ಡಿಗ್ರಿಯಷ್ಟು ತಗ್ಗಿನ ಬೆಳಕು ಉಪಯುಕ್ತ. ಅಳಿದುಳಿದ ಉಬ್ಬೂ ಆಗ ನೆರಳು ಚೆಲ್ಲುತ್ತದೆ. ಉಬ್ಬು ಆಳವಾಗಿರುವ ಉತ್ತಮ ಸ್ಥಿತಿಯ ನಾಣ್ಯಕ್ಕೆ 40ರಿಂದ 60 ಡಿಗ್ರಿ ಸೂಕ್ತ. ಇಲ್ಲವಾದರೆ ಒಂದು ಅಕ್ಷರದ ನೆರಳು ಮತ್ತೊಂದನ್ನು ಮುಚ್ಚುತ್ತದೆ.

ಚಿಕ್ಕ ದೀಪದ ನೇರ ಬೆಳಕು ಗಾಢವಾದ ನೆರಳನ್ನೂ ಕಣ್ಣು ಕುಕ್ಕುವ ಬಿಳಿ ಚುಕ್ಕೆಗಳನ್ನೂ ಉಂಟುಮಾಡುತ್ತದೆ. ಬಟರ್ ಪೇಪರ್, ಟ್ರೇಸಿಂಗ್ ಪೇಪರ್ ಅಥವಾ ತೆಳುವಾದ ಬಿಳಿಯ ಬಟ್ಟೆಯ ಮೂಲಕ ಹಾಯಿಸಿದಾಗ ಬೆಳಕು ಮೃದುವಾಗುತ್ತದೆ. ಆದರೆ ನಾಲ್ಕೂ ಕಡೆಯಿಂದ ಸಮನಾಗಿ ಬೀಳುವ ಮೃದು ಬೆಳಕಿನಲ್ಲಿ ಉಬ್ಬುಗಳು ಕಳೆಗುಂದಿ ನಾಣ್ಯವು ಚಪ್ಪಟೆಯಾಗಿ ಕಾಣುತ್ತದೆ. ಒಂದು ಮುಖ್ಯ ದೀಪ, ಅದರ ಎದುರು ಬದಿಯಲ್ಲಿ ನೆರಳನ್ನು ತಿಳಿಗೊಳಿಸಲು ಒಂದು ಬಿಳಿಯ ರಟ್ಟು ಅಥವಾ ಥರ್ಮಾಕೋಲ್ ಹಲಗೆ, ಇಷ್ಟು ಇದ್ದರೆ ಬಹುತೇಕ ನಾಣ್ಯಗಳಿಗೆ ಸಾಕಾಗುತ್ತದೆ.

== ನಾಣ್ಯದ ಸ್ವರೂಪಕ್ಕೆ ತಕ್ಕ ಬೆಳಕು ==

* ಅಂಕಿತ ನಾಣ್ಯಗಳು: ಬೆಳ್ಳಿಯ ಅಂಕಿತ ನಾಣ್ಯಗಳಲ್ಲಿ ಚಿಹ್ನೆಗಳನ್ನು ಬೇರೆ ಬೇರೆ ಅಚ್ಚುಗಳಿಂದ ಒಂದೊಂದಾಗಿ ಒತ್ತಲಾಗಿದೆ. ಸಾಮಾನ್ಯವಾಗಿ ಒಂದು ಬದಿಯಲ್ಲಿ ಐದು ಚಿಹ್ನೆಗಳಿದ್ದು, ಅವು ಬೇರೆ ಬೇರೆ ಆಳದಲ್ಲಿ, ಕೆಲವೊಮ್ಮೆ ಒಂದರ ಮೇಲೊಂದು ಬಿದ್ದಿರುತ್ತವೆ. ಪ್ರತಿ ಚಿಹ್ನೆಗೂ ಬೆಳಕಿನ ದಿಕ್ಕನ್ನು ಬದಲಿಸಿ ನೋಡುವುದು ಅಗತ್ಯ.
* ಸೀಸದ ನಾಣ್ಯಗಳು: ಚಿತ್ರದುರ್ಗದ ಸಮೀಪದ ಚಂದ್ರವಳ್ಳಿಯ ಉತ್ಖನನಗಳಲ್ಲಿ ದೊರೆತಂತಹ ಶಾತವಾಹನರ ಕಾಲದ ಸೀಸದ ನಾಣ್ಯಗಳು ಮಂಕಾದ ಬೂದು ಬಣ್ಣದವು. ಇವುಗಳಿಗೆ ತಗ್ಗಿನ ಕೋನದ, ಹೆಚ್ಚು ಮೃದುಗೊಳಿಸದ ಬೆಳಕು ಬೇಕಾಗುತ್ತದೆ.
* ಚಿನ್ನದ ನಾಣ್ಯಗಳು: ಹೊಯ್ಸಳರ ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡ ಬರಹದ ಗದ್ಯಾಣ, ವಿಜಯನಗರದ ವರಾಹ ಮುಂತಾದವು ಬೆಳಕನ್ನು ಬಲವಾಗಿ ಪ್ರತಿಫಲಿಸುತ್ತವೆ. ಮೃದುವಾದ ದೊಡ್ಡ ಬೆಳಕಿನ ಮೂಲವನ್ನು ಬಳಸಿ, ಅತಿ ಬಿಳುಪಾದ ಭಾಗಗಳಲ್ಲಿ ವಿವರ ಅಳಿಯದಂತೆ ಎಕ್ಸ್‌ಪೋಷರ್ ತುಸು ಕಡಿಮೆ ಮಾಡಬೇಕು.
* ಪದ್ಮಟಂಕ: ಮಧ್ಯದಲ್ಲಿ ಕಮಲದ ಮುದ್ರೆಯುಳ್ಳ ಈ ಚಿನ್ನದ ನಾಣ್ಯಗಳು ಬಟ್ಟಲಿನಂತೆ ಬಾಗಿರುತ್ತವೆ. ತಗ್ಗಿನ ಬೆಳಕಿನಲ್ಲಿ ಅಂಚಿನ ನೆರಳು ಒಳಗಿನ ಮುದ್ರೆಗಳನ್ನು ಮುಚ್ಚುವುದರಿಂದ ಬೆಳಕನ್ನು ಎತ್ತರಿಸಬೇಕಾಗುತ್ತದೆ.
* ಚಿನ್ನದ ಹಣ: ಅರ್ಧ ಗ್ರಾಮಿಗಿಂತಲೂ ಹಗುರವಾದ ಈ ಪುಟ್ಟ ನಾಣ್ಯಗಳಿಗೆ ಮಸೂರವನ್ನು ತೀರ ಹತ್ತಿರ ತಂದರೆ ಮಸೂರದ ನೆರಳೇ ನಾಣ್ಯದ ಮೇಲೆ ಬೀಳುತ್ತದೆ. ಸುಮಾರು 100 ಮಿ.ಮೀ. ನಾಭಿದೂರದ ಮ್ಯಾಕ್ರೊ ಮಸೂರವು ದೀಪವಿಡಲು ಸಾಕಷ್ಟು ಅಂತರವನ್ನು ಒದಗಿಸುತ್ತದೆ.

== ಅಕ್ಷೀಯ ಬೆಳಕು ==

ಕ್ಯಾಮೆರಾ ಮತ್ತು ನಾಣ್ಯದ ನಡುವೆ ತೆಳುವಾದ ಗಾಜಿನ ಹಾಳೆಯನ್ನು 45 ಡಿಗ್ರಿ ಓರೆಯಾಗಿಟ್ಟು, ಪಕ್ಕದಿಂದ ಬರುವ ಬೆಳಕನ್ನು ಗಾಜಿನ ಮೂಲಕ ಕೆಳಕ್ಕೆ ಪ್ರತಿಫಲಿಸುವ ವಿಧಾನವೇ ಅಕ್ಷೀಯ ಬೆಳಕು. ಇದರಲ್ಲಿ ನಾಣ್ಯದ ಸಮತಟ್ಟಾದ ಭಾಗಗಳು ಬೆಳ್ಳಗೆ, ಇಳಿಜಾರಾದ ಅಂಚುಗಳು ಕಪ್ಪಗೆ ಕಾಣುತ್ತವೆ. ನಯವಾದ ಮೇಲ್ಮೈಯ ನಾಣ್ಯಗಳಿಗೆ ಇದು ಉಚಿತ. ಒರಟಾಗಿ ಕಿಲುಬುಗಟ್ಟಿದ ತಾಮ್ರದ ನಾಣ್ಯಗಳಿಗೆ ಅಷ್ಟಾಗಿ ಹೊಂದುವುದಿಲ್ಲ.

== ಬಣ್ಣದ ನಿಖರತೆ ==

ನಾಣ್ಯದ ಬಣ್ಣವು ಲೋಹವನ್ನೂ ಕಿಲುಬಿನ ಸ್ವರೂಪವನ್ನೂ ಸೂಚಿಸುವ ಸಾಕ್ಷ್ಯವಾಗಿದೆ. ಹಗಲು ಬೆಳಕಿನ ವರ್ಣತಾಪ ಸುಮಾರು 5500 ಕೆಲ್ವಿನ್. ಸಾಂಪ್ರದಾಯಿಕ ತಂತಿ ಬಲ್ಬಿನ ಬೆಳಕು 3000 ಕೆಲ್ವಿನ್‌ಗಿಂತ ಕಡಿಮೆಯಿದ್ದು ಹಳದಿಗೆ ತಿರುಗಿರುತ್ತದೆ. ಹಳದಿ ಬೆಳಕಿನಲ್ಲಿ ಬೆಳ್ಳಿಯು ಮಿಶ್ರಲೋಹದಂತೆ ತೋರಬಹುದು. ಕಿಟಕಿಯ ಬೆಳಕು ಮತ್ತು ಕೋಣೆಯ ದೀಪವನ್ನು ಒಟ್ಟಿಗೆ ಬಳಸಬಾರದು. ಮೊದಲ ಚಿತ್ರದಲ್ಲಿ ಬೂದು ಬಣ್ಣದ ಮಾನಕ ಕಾರ್ಡನ್ನು ಸೇರಿಸಿದರೆ ಅನಂತರ ಬಣ್ಣವನ್ನು ಸರಿಪಡಿಸಲು ಅನುಕೂಲ.

== ಸರಳ ವಿಧಾನ ==

ಉತ್ತರ ದಿಕ್ಕಿನ ಕಿಟಕಿಯಿಂದ ಬರುವ ಬೆಳಕು ದಿನದ ಬಹುಭಾಗ ಸಮನಾಗಿರುವುದರಿಂದ ದೀಪವಿಲ್ಲದವರಿಗೂ ಇದು ಸಾಧ್ಯ. ಮೇಜಿನ ಮೇಲೆ ಬಿಳಿ ಅಥವಾ ಬೂದು ಕಾಗದವನ್ನು ಹಾಸಿ, ನಾಲ್ಕಾರು ಅಂಗುಲ ಎತ್ತರದಲ್ಲಿ ಗಾಜಿನ ಹಾಳೆಯಿಟ್ಟು ಅದರ ಮೇಲೆ ನಾಣ್ಯವನ್ನಿರಿಸಿದರೆ ಹಿನ್ನೆಲೆಯಲ್ಲಿ ನಾಣ್ಯದ ನೆರಳು ಅಂಟಿಕೊಳ್ಳುವುದಿಲ್ಲ. ಕ್ಯಾಮೆರಾವನ್ನು ನಾಣ್ಯಕ್ಕೆ ನೇರವಾಗಿ ಮೇಲೆ ಸ್ಟ್ಯಾಂಡಿಗೆ ಬಿಗಿದು, ಐಎಸ್‌ಒ 100, ದ್ಯುತಿರಂಧ್ರ ಎಫ್/8ರ ಆಸುಪಾಸಿನಲ್ಲಿಟ್ಟು, ಅಲುಗಾಟ ತಪ್ಪಿಸಲು ಎರಡು ಸೆಕೆಂಡುಗಳ ಟೈಮರ್ ಬಳಸಲಾಗುತ್ತದೆ. ಮೊಬೈಲ್ ಫೋನಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅದರ ಫ್ಲ್ಯಾಷನ್ನು ಮಾತ್ರ ಆರಿಸಿಡಬೇಕು. ಅಳತೆಪಟ್ಟಿಯ ಚಿತ್ರವೂ ನಾಣ್ಯದ ತೂಕದ ದಾಖಲೆಯೂ ಜೊತೆಗಿರಬೇಕು.

== ಎಚ್ಚರಿಕೆಗಳು ==

ಚಿತ್ರ ಚೆನ್ನಾಗಿ ಬರಲೆಂದು ನಾಣ್ಯವನ್ನು ಹುಣಸೆಹಣ್ಣು, ನಿಂಬೆರಸ, ಪಾಲಿಶ್ ಪುಡಿಗಳಿಂದ ಉಜ್ಜುವುದು ಸರಿಪಡಿಸಲಾಗದ ಹಾನಿ. ಕಿಲುಬಿನೊಂದಿಗೆ ನಾಣ್ಯದ ಮೇಲ್ಮೈ ವಿವರಗಳೂ ಅಳಿದುಹೋಗುತ್ತವೆ. ಬೆಳಕನ್ನು ಬದಲಿಸಿ ಪಡೆಯಬಹುದಾದ ಸ್ಪಷ್ಟತೆಗಾಗಿ ನಾಣ್ಯವನ್ನು ಬದಲಿಸಬಾರದು. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಬೇಕು.

== ಬಹುದಿಕ್ಕಿನ ಬೆಳಕಿನ ದಾಖಲೀಕರಣ ==

2001ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವು ಈ ಕ್ಷೇತ್ರದಲ್ಲಿ ಹೊಸ ದಾರಿ ತೆರೆಯಿತು. ಸ್ಥಿರವಾದ ಕ್ಯಾಮೆರಾದಿಂದ, ಬೇರೆ ಬೇರೆ ದಿಕ್ಕುಗಳ ಬೆಳಕಿನಲ್ಲಿ ಹತ್ತಾರು ಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಒಗ್ಗೂಡಿಸಲಾಗುತ್ತದೆ. ಅನಂತರ ನೋಡುಗರು ಪರದೆಯ ಮೇಲೆ ಬೆಳಕನ್ನು ತಮಗೆ ಬೇಕಾದ ಕಡೆಗೆ ಸರಿಸಿ ಅಕ್ಷರಗಳನ್ನು ಪರೀಕ್ಷಿಸಬಹುದು. ನಾಣ್ಯವನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಅತ್ತಿತ್ತ ಹೊರಳಿಸಿ ಓದುವ ಹಳೆಯ ಕ್ರಮಕ್ಕೆ ಇದು ಸಮೀಪವಾದುದು.