ಒಂದೇ ವಾರ ಬಂದ ಎರಡು ಗೇಮ್‌ಗಳು ಒಂದನ್ನೊಂದು ಮುಳುಗಿಸುತ್ತವೆಯೇ?

ದೊಡ್ಡ ವಿಡಿಯೋ ಗೇಮ್‌ಗಳ ಬಿಡುಗಡೆ ದಿನಾಂಕ ಹೊರಬಿದ್ದ ಕೂಡಲೇ ಗ್ರೂಪ್‌ಗಳಲ್ಲಿ ಇಂಥದ್ದೊಂದು ಫಾರ್ವರ್ಡ್ ಓಡಾಡುತ್ತದೆ: "ಎರಡೂ ಒಂದೇ ವಾರ ಬರ್ತಿವೆ, ಒಂದು ಮಕಾಡೆ ಮಲಗೋದು ಗ್ಯಾರಂಟಿ!" ಸಿನಿಮಾಕ್ಕಾದರೆ ಈ ಮಾತು ಒಪ್ಪಬಹುದು. ಒಂದೇ ಶುಕ್ರವಾರ ಎರಡು ದೊಡ್ಡ ಚಿತ್ರ ಬಂದರೆ ಥಿಯೇಟರ್‌ಗಳು ಹಂಚಿಹೋಗುತ್ತವೆ. ಎಕ್ಸ್‌ಕ್ಲೂಸಿವ್ ಗೇಮ್‌ಗಳ ಲೆಕ್ಕ ಬೇರೆ. ಇವು ಒಂದೇ ಕಂಪನಿಯ ಕನ್ಸೋಲ್‌ನಲ್ಲಿ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರದಲ್ಲಿ, ಮಾತ್ರ ನಡೆಯುತ್ತವೆ.

2017ರ ಉದಾಹರಣೆ ನೋಡಿ. ಅಮೆರಿಕದಲ್ಲಿ ಫೆಬ್ರವರಿ 28ರಂದು ಸೋನಿಯ ಪ್ಲೇಸ್ಟೇಷನ್ 4ಕ್ಕೆ 'ಹೊರೈಜನ್ ಜೀರೋ ಡಾನ್' ಬಂತು. ಮೂರೇ ದಿನಕ್ಕೆ, ಮಾರ್ಚ್ 3ರಂದು, ನಿಂಟೆಂಡೊದ 'ಜೆಲ್ಡಾ: ಬ್ರೆತ್ ಆಫ್ ದ ವೈಲ್ಡ್'. ಎರಡರಲ್ಲೂ ಬಿಲ್ಲು ಬಾಣ ಹಿಡಿದು ವಿಶಾಲ ಲೋಕ ಸುತ್ತಬೇಕು, ಎರಡೂ ಹತ್ತಾರು ಗಂಟೆ ಬೇಡುತ್ತವೆ, ಎರಡಕ್ಕೂ 60 ಡಾಲರ್. ಒಂದು ಸೋಲಲೇಬೇಕಿತ್ತಲ್ಲವೇ?

ಸೋಲಲಿಲ್ಲ. ಹೊರೈಜನ್ ಎರಡೇ ವಾರದಲ್ಲಿ 26 ಲಕ್ಷ ಪ್ರತಿ ಮಾರಾಟವಾಯಿತೆಂದು ಸೋನಿ ಹೇಳಿತು. ಜೆಲ್ಡಾದ್ದು ಇನ್ನೂ ತಮಾಷೆ: ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಸ್ವಿಚ್ ಕನ್ಸೋಲ್ 9.06 ಲಕ್ಷ ಹೋದರೆ, ಅದಕ್ಕೆಂದೇ ಇದ್ದ ಜೆಲ್ಡಾ ಪ್ರತಿಗಳು 9.25 ಲಕ್ಷ ದಾಟಿದವು. ಯಂತ್ರಕ್ಕಿಂತ ಗೇಮ್ ಜಾಸ್ತಿ! ಕೆಲವರು ಜೋಪಾನವಾಗಿ ಎತ್ತಿಡಲು ಒಂದು, ಆಡಲು ಒಂದು ಕೊಂಡಿರಬಹುದು ಎಂಬುದು ನಿಂಟೆಂಡೊ ಕೊಟ್ಟ ವಿವರಣೆ.

ಕಾರಣ ಸರಳ. ಪ್ಲೇಸ್ಟೇಷನ್ 4 ಆಗಲೇ 5 ಕೋಟಿಗೂ ಹೆಚ್ಚು ಮಾರಾಟವಾಗಿತ್ತು. ಸ್ವಿಚ್ ಅಂಗಡಿಗೆ ಬಂದದ್ದೇ ಜೆಲ್ಡಾ ಬಂದ ದಿನ. ಮನೆಯಲ್ಲಿ ಪ್ಲೇಸ್ಟೇಷನ್ ಮಾತ್ರ ಇದ್ದವರಿಗೆ ಜೆಲ್ಡಾ ಆಯ್ಕೆಯೇ ಆಗಿರಲಿಲ್ಲ. ನಿಜವಾದ ಎಳೆದಾಟ ಎರಡೂ ಯಂತ್ರ ಇದ್ದವರಲ್ಲಿ. ಅವರಲ್ಲೂ "ಇದು ಮುಗಿಸಿ ಅದು ಕೊಳ್ಳೋಣ" ಎಂದವರು ಗ್ರಾಹಕರಾಗಿಯೇ ಉಳಿಯುತ್ತಾರೆ, ತಡವಾಗಿ ಅಷ್ಟೆ. ಹಾಗಂತ ಹೊರೈಜನ್‌ಗೆ ನಷ್ಟವೇ ಆಗಲಿಲ್ಲ ಎನ್ನಲೂ ಆಗದು. ಒಂಟಿಯಾಗಿ ಬಂದಿದ್ದರೆ ಇನ್ನಷ್ಟು ಹೋಗುತ್ತಿತ್ತೇನೋ.

ಹೊಡೆತ ಬೀಳುವುದು ಒಂದೇ ಯಂತ್ರದಲ್ಲಿ, ಒಂದೇ ಬಗೆಯ ಗೇಮ್‌ಗಳು ಸಾಲಾಗಿ ಬಂದಾಗ. 2016ರ ಅಕ್ಟೋಬರ್ 21ಕ್ಕೆ 'ಬ್ಯಾಟಲ್‌ಫೀಲ್ಡ್ 1', 28ಕ್ಕೆ 'ಟೈಟನ್‌ಫಾಲ್ 2', ನವೆಂಬರ್ 4ಕ್ಕೆ ಹೊಸ 'ಕಾಲ್ ಆಫ್ ಡ್ಯೂಟಿ'. ಮೂರೂ ಬಂದೂಕಿನಾಟ, ಮೂರೂ ಅದೇ ಕನ್ಸೋಲ್‌ಗಳಿಗೆ. ವಿಮರ್ಶಕರು ಹೊಗಳಿದ ಟೈಟನ್‌ಫಾಲ್ 2 ಮಾರಾಟದಲ್ಲಿ ಮಂಕಾಯಿತು. ವಿಚಿತ್ರವೆಂದರೆ ಅದನ್ನೂ ಬ್ಯಾಟಲ್‌ಫೀಲ್ಡನ್ನೂ ಹೊರತಂದದ್ದು ಒಂದೇ ಕಂಪನಿ, ಇಎ.

ಇನ್ನೂ ಯಾವ ಕನ್ಸೋಲನ್ನೂ ಕೊಳ್ಳದವರ ಕಥೆ ಬೇರೆ. ಎಕ್ಸ್‌ಕ್ಲೂಸಿವ್‌ಗಳ ಅಸಲಿ ಪೈಪೋಟಿ ಇರುವುದು ಇವರಿಗಾಗಿಯೇ. ಒಮ್ಮೆ ದುಬಾರಿ ಯಂತ್ರ ಮನೆಗೆ ಬಂದರೆ ಮುಂದಿನ ಹಲವು ವರ್ಷ ಆ ಕಂಪನಿಯ ಅಂಗಡಿಗೇ ದುಡ್ಡು. ನಿಮ್ಮ ಮನೆಯಲ್ಲೂ ಮಗನೋ ತಂಗಿಯೋ ಒಂದೇ ಒಂದು ಗೇಮ್‌ಗಾಗಿ ಕನ್ಸೋಲ್ ಕೇಳುತ್ತಿದ್ದರೆ, ಅದು ಬೇರೆಡೆಗೂ ಬರುತ್ತದೆಯೇ ಎಂದು ಮೊದಲು ನೋಡಿ. ಹೊರೈಜನ್ 2020ರ ಆಗಸ್ಟ್‌ನಲ್ಲಿ ಕಂಪ್ಯೂಟರ್‌ಗೂ ಬಂತು.