ದಂಡು ಮತ್ತು ಕಾಳಗ: ಒಂದು ಗ್ರೀಕ್ ಕ್ರಿಯಾಪದದ ವಿಚಾರ

ಬೆಂಗಳೂರಿನ ದಕ್ಷಿಣದಲ್ಲಿ, ಬಿ.ಟಿ.ಎಂ. ಬಡಾವಣೆಯನ್ನು ದಾಟಿ ಇನ್ನೂ ಮುಂದೆ ಹೋದರೆ, ಬೇಗೂರೆಂಬ ಹಳೆಯ ಊರು ಸಿಕ್ಕುವುದು. ಅಲ್ಲಿಯ ನಾಗೇಶ್ವರ ದೇವಾಲಯದ ಬಳಿ ದೊರೆತ, ಕ್ರಿ. ಶ. ಸುಮಾರು 890ರ ಶಾಸನವೊಂದರಲ್ಲಿ ನಮ್ಮ ನಗರದ ಹೆಸರು ಬಂದಿದೆ. ಅದು ಬಂದಿರುವುದು ‘ಬೆಂಗುಳೂರ ಕಾಳೆಗ’ವೆಂಬ ಮಾತಿನಲ್ಲಿ. ನಾಗತ್ತರನೆಂಬ ನಾಯಕನ ಕಡೆಯವರು ಆ ಕಾಳಗದಲ್ಲಿ ಮಡಿದರೆಂಬುದೇ ಅದರ ಸಾರ.

ಅದೇ ಬೇಗೂರಿನ ಇನ್ನೊಂದು ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಯ್ಯಪದೇವನಿಗೂ ವೀರಮಹೇಂದ್ರನಿಗೂ ಯುದ್ಧ ನಡೆದಾಗ, ಗಂಗರ ಅರಸನಾದ ಎರೆಯಪ್ಪನು ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಕಳುಹಿಸಿದನು. ನಾಗತ್ತರನು ತುಂಬೆಪಾಡಿಯಲ್ಲಿ ಆನೆಗಳ ನಡುವೆ ಕಾದಿ ಸತ್ತನು. ಬಳಿಕ ಎರೆಯಪ್ಪನು ಇರುಗನೆಂಬುವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೇಗೂರಿನ ಸೀಮೆಯ ಹನ್ನೆರಡು ಊರುಗಳನ್ನು ಕೊಟ್ಟನು. ಮೊದಲನೆಯ ಕಲ್ಲು ಹೇಳುವುದು ಕಾಳಗದ ಮಾತು. ಎರಡನೆಯದು ಅದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ: ಒಡೆಯನ ಅಪ್ಪಣೆ, ಸೇವೆಗಾಗಿ ದೂರದ ಪಯಣ, ಒಡೆಯನಿಂದ ದೊರೆಯುವ ಜೀವಿತ. ಕಾದುವುದು ಒಂದು, ದಂಡಿಗೆ ಹೋಗುವುದು ಇನ್ನೊಂದು. ಈ ಭೇದವನ್ನು ಕ್ರೈಸ್ತರ ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕ್ ಎರಡು ಬೇರೆ ಕ್ರಿಯಾಪದಗಳಿಂದ ಕಾಪಾಡಿಕೊಂಡಿದೆ. ಇಂದಿನ ಉಪನ್ಯಾಸದ ವಿಷಯವು ಇದೇ.

ಯುದ್ಧಮಾಡುವುದಕ್ಕೆ ಗ್ರೀಕರು ‘ಪೊಲೆಮೆಯೋ’ ಎನ್ನುವರು. ಇದು ಕಾಳಗದ ಮಾತು. ‘ಸ್ತ್ರತೆವೊಮೈ’ ಎಂಬುದು ಇನ್ನೊಂದು. ಇದರ ಮೂಲದಲ್ಲಿರುವ ‘ಸ್ತ್ರತೊಸ್’ ಎಂಬ ನಾಮಪದಕ್ಕೆ ಬೀಡುಬಿಟ್ಟ ಸೈನ್ಯವೆಂದು ಅರ್ಥ. ನಮ್ಮ ‘ದಂಡು’ ಎಂಬ ಶಬ್ದವೂ ಹೀಗೆಯೇ ಸೈನ್ಯವನ್ನೂ ಅದು ತಂಗಿದ ಸ್ಥಳವನ್ನೂ ಸೂಚಿಸುವುದು. 1809ರಲ್ಲಿ ಶ್ರೀರಂಗಪಟ್ಟಣದಿಂದ ಇಂಗ್ಲಿಷರ ಸೈನ್ಯವು ಇಲ್ಲಿಗೆ ಬಂದು ನೆಲೆಸಿದ ಮೇಲೆ ಬೆಂಗಳೂರಿನ ಒಂದು ಭಾಗಕ್ಕೆ ದಂಡು ಎಂಬ ಹೆಸರೇ ನಿಂತುಹೋಯಿತಷ್ಟೆ. ಆದುದರಿಂದ ‘ಸ್ತ್ರತೆವೊಮೈ’ ಎಂದರೆ ದಂಡಿನಲ್ಲಿರುವುದು, ದಂಡಾಳಾಗಿ ನಡೆಯುವುದು ಎಂದು ಹೇಳಬಹುದು. ಕತ್ತಿಯ ಏಟು ಬೀಳದ ದಿನಗಳಲ್ಲಿಯೂ ದಂಡಾಳು ದಂಡಾಳೇ ಸರಿ.

ಈ ಕ್ರಿಯಾಪದವು ಹೊಸ ಒಡಂಬಡಿಕೆಯಲ್ಲಿ ಏಳು ಸಲ ಬರುತ್ತದೆ. ಏಳು ಸಲವೂ, ನಮ್ಮ ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ, ಆತ್ಮನೇಪದಕ್ಕೆ ಸಮಾನವಾದ ರೂಪದಲ್ಲಿದೆ. ದಂಡನ್ನು ಕಳುಹಿಸುವ ಅರಸನಿಗಿಂತ ದಂಡಿನಲ್ಲಿ ತಾನೇ ನಡೆಯುವವನ ಕಡೆಗೆ ಈ ರೂಪವು ನಮ್ಮ ಗಮನವನ್ನು ಸೆಳೆಯುವುದು. ಸಂಸ್ಕೃತದ ‘ಯುಧ್’ ಧಾತುವೂ ಆತ್ಮನೇಪದಿಯೇ. ಗೀತೆಯಲ್ಲಿ ಅರ್ಜುನನಿಗೆ ಹೇಳಿದ ‘ಯುಧ್ಯಸ್ವ’ ಎಂಬ ರೂಪವನ್ನು ಇಲ್ಲಿ ನೆನೆಯಬಹುದು.

ಪ್ರಯೋಗಗಳನ್ನು ನೋಡೋಣ. ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ದಂಡಾಳುಗಳು ಸ್ನಾನಿಕನಾದ ಯೋಹಾನನ ಬಳಿಗೆ ಬಂದು, ತಾವು ಮಾಡತಕ್ಕದ್ದೇನೆಂದು ಕೇಳುವರು. ಆತನು ಶತ್ರುವಿನ ಮಾತನ್ನೇ ಎತ್ತುವುದಿಲ್ಲ. ಬೆದರಿಸಿ ಹಣ ಕೀಳಬೇಡಿರಿ, ಸುಳ್ಳು ದೂರು ಹೊರಿಸಬೇಡಿರಿ, ಸಂಬಳದಲ್ಲಿ ತೃಪ್ತರಾಗಿರಿ ಎಂದಿಷ್ಟೇ ಆತನ ಉತ್ತರದ ತಾತ್ಪರ್ಯ. ಇಲ್ಲಿ ಸಂಬಳಕ್ಕೆ ‘ಒಪ್ಸೋನಿಯೊನ್’ ಎಂಬ ಶಬ್ದವಿದೆ. ಊಟದ ಪದಾರ್ಥವನ್ನು ಕೊಳ್ಳಲು ಕೊಡುವ ಹಣವೆಂದು ಅದರ ಮೂಲಾರ್ಥ. ನಮ್ಮ ‘ಸಂಬಳ’ವೂ ದಾರಿಯ ಬುತ್ತಿಯೆಂಬ ಅರ್ಥದಿಂದಲೇ ಹೊರಟ ಶಬ್ದವೆಂಬುದು ಸ್ವಾರಸ್ಯವಾದ ಸಂಗತಿ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಪೌಲನು ಈ ಎರಡು ಶಬ್ದಗಳನ್ನೂ ಜೊತೆಗೂಡಿಸಿ, ತನ್ನ ಕೈಯಿಂದಲೇ ವೆಚ್ಚಮಾಡಿಕೊಂಡು ದಂಡಿಗೆ ಹೋಗುವವನುಂಟೆ ಎಂದು ಕೇಳುತ್ತಾನೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ದಂಡಿನಲ್ಲಿರುವವನು ಸಂಸಾರದ ವ್ಯವಹಾರಗಳಲ್ಲಿ ಸಿಕ್ಕಿಕೊಳ್ಳುವುದಿಲ್ಲವೆಂಬ ಮಾತಿದೆ. ಅನ್ನವನ್ನು ಕೊಟ್ಟವನಿಗೆ ನಿಷ್ಠೆ, ಅಪ್ಪಣೆಗೆ ವಿಧೇಯತೆ, ಇತರ ಗೊಡವೆಗಳಿಂದ ಬಿಡುಗಡೆ: ಈ ಮೂರೂ ಸೇರಿ ಈ ಶಬ್ದದ ಅರ್ಥ.

ಎಲ್ಲಕ್ಕಿಂತ ಗಹನವಾದ ಪ್ರಯೋಗವು ಯಾಕೋಬನ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿದೆ. ನಿಮ್ಮೊಳಗೆ ಜಗಳಗಳು ಎಲ್ಲಿಂದ ಬಂದವು ಎಂದು ಆತನು ಪ್ರಶ್ನಿಸಿ, ನಿಮ್ಮ ಅವಯವಗಳಲ್ಲಿರುವ ಭೋಗಾಸೆಗಳಿಂದಲ್ಲವೆ ಎನ್ನುವಾಗ ‘ಸ್ತ್ರತೆವೊಮೈ’ ಧಾತುವನ್ನೇ ಬಳಸುತ್ತಾನೆ; ಮರುವಾಕ್ಯದಲ್ಲಿ ಜನರು ಒಬ್ಬರೊಡನೊಬ್ಬರು ಹೋರಾಡುವುದನ್ನು ಹೇಳುವಾಗ ‘ಪೊಲೆಮೆಯೋ’ ಬರುತ್ತದೆ. ಮೊದಲು ಆಸೆಗಳ ದಂಡು ಮೈಯೊಳಗೆ ಇಳಿಯುವುದು, ಅನಂತರ ಹೊರಗೆ ಕಾಳಗ ಹತ್ತುವುದು. ಎರಡು ಕ್ರಿಯಾಪದಗಳ ಭೇದವನ್ನು ಬಿಟ್ಟರೆ ಈ ಕಾರ್ಯಕಾರಣಭಾವವು ಮಸುಕಾಗುತ್ತದೆ.

ಇದು ಕೇವಲ ನಿಘಂಟಿನ ಚರ್ಚೆಯೆಂದು ಭಾವಿಸತಕ್ಕದ್ದಲ್ಲ. ಲ್ಯಾಟಿನ್ ಬೈಬಲಿನಲ್ಲಿ ಈ ಧಾತುವಿಗೆ ‘ಮಿಲಿತಾರೆ’ ಎಂಬ ಶಬ್ದವನ್ನಿಟ್ಟರು. ಅನೇಕ ಶತಮಾನಗಳವರೆಗೆ ಕ್ರಿಸ್ತನ ದಂಡಾಳೆಂದರೆ ಧರ್ಮಕ್ಕಾಗಿ ಪ್ರಾಣಕೊಟ್ಟವನು, ಇಲ್ಲವೆ ಮಠದಲ್ಲಿ ಇಂದ್ರಿಯಗಳನ್ನು ಅಡಗಿಸುತ್ತಿದ್ದ ಸಂನ್ಯಾಸಿ. 1095ರಲ್ಲಿ ಪೋಪ್ ಎರಡನೆಯ ಅರ್ಬನನು ಕ್ಲೆರ್ಮೋನ್ ಸಭೆಯಲ್ಲಿ ಜೆರೂಸಲೇಮಿನ ದಂಡಯಾತ್ರೆಗೆ ಕರೆಕೊಟ್ಟ ಮೇಲೆ, ಅದೇ ಬಿರುದು ಕತ್ತಿ ಹಿಡಿದವರ ಪಾಲಿಗೂ ಬಂದಿತು. 1099ರಲ್ಲಿ ಆ ಪಟ್ಟಣವು ಸೆರೆಯಾದಾಗ ಅಲ್ಲಿಯ ಮುಸಲ್ಮಾನರೂ ಯೆಹೂದ್ಯರೂ ಕೊಲೆಗೀಡಾದರು. ಆ ಅನಾಹುತಕ್ಕೆ ಕಾರಣಗಳು ಬಹಳ. ಆದರೆ ಒಳಗಿನ ವೈರಿಯನ್ನು ಕುರಿತ ಮಾತನ್ನು ಹೊರಗಿನ ನೆರೆಯವನ ಮೇಲೆ ತಿರುಗಿಸಿದುದು ಅವುಗಳಲ್ಲಿ ಸಣ್ಣದಲ್ಲ.

ಕನ್ನಡಕ್ಕೆ ಬೈಬಲನ್ನು ತರುವ ಕೆಲಸವು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರಿಂದ ನಡೆಯಿತು. ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕನ್ನಡ ಪಾಠದಲ್ಲಿ ದಂಡಾಳಿಗೆ ‘ಸಿಪಾಯಿ’ ಎಂಬ ಮಾತಿದೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಹತ್ತನೆಯ ಅಧ್ಯಾಯದಲ್ಲಿ ನಮ್ಮ ಕ್ರಿಯಾಪದಕ್ಕೆ ‘ಯುದ್ಧಮಾಡು’ ಎಂದಿದೆ. ಅದು ತಪ್ಪಲ್ಲ, ಸುಲಭವಾಗಿ ತಿಳಿಯುವ ಮಾತೇ. ಆದರೆ ಯುದ್ಧವೆಂದೊಡನೆ ಕೇಳಿದವನ ಕಣ್ಣು ಎದುರಾಳಿಯನ್ನು ಹುಡುಕುವುದು. ದಂಡೆಂದರೆ ತಾನು ಯಾರ ಆಳು, ಯಾರ ಅನ್ನವನ್ನುಣ್ಣುತ್ತಿದ್ದೇನೆ ಎಂಬ ಕಡೆಗೆ ಮನಸ್ಸು ತಿರುಗುವುದು. ‘ನಮ್ಮ ದಂಡಿನ ನಡೆ ಲೋಕದ ದಂಡಿನ ನಡೆಯಂತಲ್ಲ’ ಎಂದರೆ ಪೌಲನ ಅಭಿಪ್ರಾಯಕ್ಕೆ ಹೆಚ್ಚು ಸಮೀಪವಾದೀತು. ಆತನು ಮುಂದಣ ವಾಕ್ಯಗಳಲ್ಲಿ ಕೆಡಹಬೇಕೆನ್ನುವ ಕೋಟೆಗಳು ಕುತರ್ಕವೂ ಅಹಂಕಾರವೂ ಕಟ್ಟಿಕೊಂಡವು.

ಒಂದೇ ಬೀದಿಯಲ್ಲಿ ಹಲವು ಮತಗಳವರು ವಾಸಿಸುವ ನಮ್ಮಂತಹ ನಗರದಲ್ಲಿ, ಯಾವ ಮತದ ಗ್ರಂಥದಲ್ಲೇ ಆಗಲಿ ಯುದ್ಧದ ಶಬ್ದವು ಕಂಡಾಗ, ಅದು ಕಾಳಗದ ಮಾತೋ ದಂಡಿನ ಶಿಸ್ತಿನ ಮಾತೋ ಎಂದು ಮೊದಲು ವಿಚಾರಿಸುವುದು ಪಂಡಿತರ ಕೆಲಸ ಮಾತ್ರವಲ್ಲ, ಓದುವವರೆಲ್ಲರ ಕರ್ತವ್ಯ.